ಡಬ್ಬಿ ಮೇಲೆ ತಾರೀಖು ಎಲ್ಲಿ? ಫ್ರಿಜ್ಜಿನ ಗುಲಗಂಜಿ ಹುಳದ ಬಗ್ಗೆ 8 ಪೋಸ್ಟ್

1/8

ಆ ರೀಲ್ ನಿಮ್ಮ ಫೀಡಿಗೂ ಬಂದಿರುತ್ತೆ. ಅಮೆರಿಕದಲ್ಲಿ ಯಾರೋ ಫ್ರಿಜ್ ಬಾಗಿಲು ತೆಗೆದು ಒಂದು ಚೀಲ ಹೊರಗೆ ತಗೋತಾರೆ. ಚೀಲದ ತುಂಬ ಕೆಂಪು ಗುಲಗಂಜಿ ಹುಳ. ಸಂಜೆ ಹೊತ್ತಲ್ಲಿ ಗುಲಾಬಿ ಗಿಡದ ಬುಡಕ್ಕೆ ಸುರೀತಾರೆ, ಹುಳಗಳು ನಿಧಾನಕ್ಕೆ ಕಾಂಡ ಹತ್ತುತ್ವೆ, ಹಿಂದೆ ಪಿಯಾನೋ. ಕೆಳಗೆ ಕಾಮೆಂಟಲ್ಲಿ ನಮ್ಮವರೇ ಕೇಳಿರ್ತಾರೆ: "ಬೆಂಗಳೂರಲ್ಲಿ ಎಲ್ಲಿ ಸಿಗುತ್ತೆ? ಫ್ರಿಜ್ಜಲ್ಲಿ ಎಷ್ಟು ದಿನ ಇಡಬಹುದು?"

ಆ ಎರಡನೇ ಪ್ರಶ್ನೆ ಇದೆಯಲ್ಲ, ಅದಕ್ಕೋಸ್ಕರನೇ ಈ ಎಂಟು ಪೋಸ್ಟ್. ನೀವು ಮೂರು ಜನ ಡಿಎಮ್ಮಲ್ಲಿ ಅದನ್ನೇ ಕೇಳಿದ್ರಿ. ಒಬ್ಬೊಬ್ಬರಿಗೂ ಬರೆಯೋ ಬದಲು ಇಲ್ಲೇ ಬರೀತೀನಿ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ, ಆಮೇಲೆ ಜಗಳ ಮಾಡೋಣ. ಪೀಡೆ ತಿನ್ನೋ ಹುಳಗಳನ್ನ ತಂಪಲ್ಲಿ ಇಡೋದು ತಪ್ಪಲ್ಲ. ಎಷ್ಟು ದಿನ, ಎಷ್ಟು ಡಿಗ್ರಿಯಲ್ಲಿ ಇಟ್ಟಿದ್ವಿ ಅಂತ ಹೇಳದೆ ರೈತರಿಗೆ ಮಾರೋದು ತಪ್ಪು. ಹಾಲಿನ ಪ್ಯಾಕೆಟ್ ಮೇಲೆ ತಾರೀಖು ನೋಡ್ತೀವಿ, ಬ್ರೆಡ್ ಮೇಲೆ ನೋಡ್ತೀವಿ. ಜೀವ ಇರೋ ಹುಳದ ಡಬ್ಬಿ ಮೇಲೆ ಯಾಕೆ ಕೇಳಲ್ಲ?

2/8

ಮೊದಲು ಆ ರೀಲಿನ ಹುಳದ ಕಥೆ. ಅದನ್ನ ಯಾರೂ ಸಾಕಿದ್ದಲ್ಲ, ಕಾಡಿಂದ ಬಾಚಿಕೊಂಡು ಬಂದಿದ್ದು.

ಹೆಸರು ಹಿಪ್ಪೊಡೇಮಿಯಾ ಕನ್ವರ್ಜೆನ್ಸ್. ಕ್ಯಾಲಿಫೋರ್ನಿಯಾದ ಬಯಲಲ್ಲಿ ಬೇಸಿಗೆ ಶುರುವಾಗಿ ಹುಲ್ಲು ಒಣಗಿ ಸಸ್ಯಹೇನು ಕಡಿಮೆ ಆಗ್ತಿದ್ದ ಹಾಗೆ ಈ ಹುಳಗಳು ಸಿಯೆರಾ ನೆವಾಡಾ ಬೆಟ್ಟಗಳ ಕಡೆ ಹಾರುತ್ತವೆ. ಅಲ್ಲಿ ಹಳ್ಳದ ಪಕ್ಕ, ತರಗೆಲೆ ಕೆಳಗೆ ಗುಂಪು ಗುಂಪಾಗಿ ಸೇರಿ ಸುಪ್ತಾವಸ್ಥೆಗೆ ಹೋಗುತ್ತವೆ. ಮೈಯಲ್ಲಿ ಕೂಡಿಟ್ಟ ಕೊಬ್ಬೇ ಆಹಾರ. ಚಳಿಗಾಲ ಮುಗಿಯುವಾಗ ಮತ್ತೆ ಬಯಲಿಗೆ ಇಳೀತವೆ.

ಜನ ಆ ಗುಂಪುಗಳನ್ನ ಮೂಟೆಗಟ್ಟಲೆ ತುಂಬಿಕೊಂಡು ಬರ್ತಾರೆ. ಇದು ಇವತ್ತಿನ ಆನ್‌ಲೈನ್ ವ್ಯಾಪಾರ ಅಂದ್ಕೋಬೇಡಿ. ನೂರು ವರ್ಷಕ್ಕೂ ಹಿಂದೆಯೇ ಕ್ಯಾಲಿಫೋರ್ನಿಯಾ ಸರ್ಕಾರ ಬೆಟ್ಟದಿಂದ ಹುಳ ತರಿಸಿ, ಶೀತಲಗೃಹದಲ್ಲಿಟ್ಟು, ಇಂಪೀರಿಯಲ್ ವ್ಯಾಲಿಯ ಕರಬೂಜ ಬೆಳೆಗಾರರಿಗೆ ಕಳಿಸ್ತಿತ್ತು. 1912ರಲ್ಲಿ ಇ. ಕೆ. ಕಾರ್ನ್ಸ್ ಅನ್ನೋರು ಇದರ ಬಗ್ಗೆ ಬರೆದ ಲೇಖನದ ತಲೆಬರಹದಲ್ಲೇ 'ಟನ್ ಲೆಕ್ಕದಲ್ಲಿ' ಅಂತ ಇದೆ. ಒಂದು ಗ್ಯಾಲನ್ ಅಂದ್ರೆ ಸುಮಾರು 70 ಸಾವಿರ ಹುಳ. ಟನ್ ಅಂದ್ರೆ ಎಷ್ಟು, ನೀವೇ ಊಹಿಸಿಕೊಳ್ಳಿ.

ಫಲಿತಾಂಶ? ಬಿಟ್ಟ ಹುಳಗಳಲ್ಲಿ ಹೆಚ್ಚಿನವು ಕೆಲವೇ ದಿನದಲ್ಲಿ ಹಾರಿಹೋಗ್ತವೆ. ಬೆಟ್ಟದಿಂದ ಎದ್ದ ತಕ್ಷಣ ದೂರ ಹಾರೋದೇ ಅವುಗಳ ಸ್ವಭಾವ. ಮಧ್ಯೆ ನಿಮ್ಮ ಫ್ರಿಜ್ ಬಂತು ಅಂತ ಅದು ಮರೆತುಹೋಗಲ್ಲ. ಹೇನು ತುಂಬಿದ ಒಂದೆರಡು ಕುಂಡದ ಗಿಡದ ಮೇಲೆ ರಾಶಿ ರಾಶಿ ಬಿಟ್ಟರೆ ಹೇನು ಕಡಿಮೆ ಆಗುತ್ತೆ, ನಿಜ. ಇಡೀ ತೋಟಕ್ಕೆ ಚೀಲ ಸುರಿದು ಮನೆಗೆ ಹೋದರೆ ಹುಳ ಪಕ್ಕದವರ ತೋಟದಲ್ಲಿ. ಕಾಡಿನ ಹುಳದ ಜೊತೆ ಅದರ ರೋಗ, ಅದರೊಳಗೆ ಬೆಳೆಯೋ ಪರಾವಲಂಬಿ ಕಣಜ ಎಲ್ಲಾ ಫ್ರೀ ಡೆಲಿವರಿ.

ಇಲ್ಲಿ ಒಂದು ಮಾತು ಗಮನಿಸಿ. ಈ ಹುಳ ಫ್ರಿಜ್ಜಲ್ಲಿ ತಿಂಗಳುಗಟ್ಟಲೆ ಬದುಕೋದಕ್ಕೆ ಕಾರಣ ಫ್ರಿಜ್ ಅಲ್ಲ. ಅದರ ಮೈ ಮೊದಲೇ ಚಳಿಗಾಲಕ್ಕೆ ತಯಾರಾಗಿರುತ್ತೆ. ಬೆಟ್ಟ ಮಾಡ್ತಿದ್ದ ಕೆಲಸವನ್ನ ಫ್ರಿಜ್ ಮುಂದುವರಿಸುತ್ತೆ, ಅಷ್ಟೇ.

3/8

ಈಗ ನಮ್ಮೂರಿಗೆ ಬನ್ನಿ. ಫೋಟೋದಲ್ಲಿರೋದನ್ನ ನೋಡಿ 'ಇದು ಗುಲಗಂಜಿ ಹುಳನೇ ಅಲ್ಲ' ಅಂತ ಹಿಂದಿನ ಪೋಸ್ಟಿನ ಕೆಳಗೆ ಒಬ್ಬರು ಬರೆದಿದ್ರು. ಹೌದು, ಗುಲಗಂಜಿ ಬೀಜದ ಹಾಗೆ ಕೆಂಪು ಕಪ್ಪು ಮಿಂಚಲ್ಲ. ಕಡುಕಂದು ಮೈ, ತಲೆ ಮತ್ತು ಹಿಂಭಾಗ ಕಿತ್ತಳೆ, ಸುಮಾರು 4 ಮಿಲಿಮೀಟರ್ ಉದ್ದ. ಚುಕ್ಕಿ ಇಲ್ಲ. ಆದರೂ ಅದೇ ಕುಟುಂಬ. ಹೆಸರು ಕ್ರಿಪ್ಟೋಲೀಮಸ್ ಮಾಂಟ್ರೂಜಿಯೇರಿ. ಲ್ಯಾಬಲ್ಲಿ ಎಲ್ಲರೂ 'ಕ್ರಿಪ್ಟೋ' ಅಂತೀವಿ. ಬಿಟ್‌ಕಾಯಿನ್ ಅಂದ್ಕೊಂಡು ಫಾಲೋ ಮಾಡಿದ್ದರೆ ಕ್ಷಮಿಸಿ.

ಇದು ಆಸ್ಟ್ರೇಲಿಯಾದ್ದು. ಭಾರತಕ್ಕೆ 1898ರಲ್ಲಿ ತಂದಿದ್ದು ಕಾಫಿಯ ಹಸಿರು ಶಲ್ಕ ಕೀಟದ ವಿರುದ್ಧ. ಆ ಕೀಟದ ಮೇಲೆ ಕೈಕೊಡ್ತು, ಆದರೆ ದಕ್ಷಿಣ ಭಾರತದಲ್ಲಿ ತಾನೇ ನೆಲೆ ನಿಂತು ಹಿಟ್ಟು ತಿಗಣೆ ತಿನ್ನೋಕೆ ಶುರು ಮಾಡಿತು. ಇವತ್ತು ದ್ರಾಕ್ಷಿ, ಸೀಬೆ, ನಿಂಬೆ, ಕಾಫಿ ಬೆಳೆಗಳಲ್ಲಿ ಹಿಟ್ಟು ತಿಗಣೆಗೆ ಅಂತ ನಾವು ದುಡ್ಡು ಕೊಟ್ಟು ತರೋ ಗುಲಗಂಜಿ ಹುಳ ಬಹುಪಾಲು ಇದೇ.

ಸಾಕೋದು ಹೇಗೆ ಅಂತ ಗೊತ್ತಾದರೆ ಫ್ರಿಜ್ಜಿನ ಪ್ರಶ್ನೆ ಎಲ್ಲಿಂದ ಬಂತು ಅಂತಾನೂ ಗೊತ್ತಾಗುತ್ತೆ. ಏಣು ಚೆನ್ನಾಗಿರೋ ಸಿಹಿಗುಂಬಳ ತಗೋಬೇಕು, ತೊಟ್ಟು ಇರಬೇಕು. ತೊಳೆದು, ಶಿಲೀಂಧ್ರನಾಶಕದಲ್ಲಿ ಅದ್ದಿ, ಗಾಯ ಇದ್ದರೆ ಮೇಣ ಹಚ್ಚಿ, ಅದರ ಮೇಲೆ ಹಿಟ್ಟು ತಿಗಣೆ ಮರಿಗಳನ್ನ ಹತ್ತಿಸ್ತಾರೆ. ಎರಡು ಮೂರು ವಾರಕ್ಕೆ ಕುಂಬಳಕಾಯಿ ಬೆಳ್ಳಗೆ. ಆಗ ಪಂಜರಕ್ಕೆ ಗುಲಗಂಜಿ ಹುಳ ಬಿಟ್ಟು ಮೊಟ್ಟೆ ಇಡಿಸ್ತಾರೆ. ಅಲ್ಲಿಂದ ಸುಮಾರು ಒಂದು ತಿಂಗಳಿಗೆ ಹೊಸ ಹುಳ.

ಅಂದರೆ ಒಟ್ಟು ಒಂದೂವರೆ ತಿಂಗಳ ಕೆಲಸ. ಹುಳ ಬರುವಾಗ ಒಟ್ಟಿಗೇ ಬರುತ್ತೆ. ರೈತರು ಮಾತ್ರ ಆವತ್ತೇ ಬಂದು ಕೊಳ್ಳಲ್ಲ. ಉಳಿದ ಹುಳಕ್ಕೆ ಊಟ ಹಾಕ್ತಾ ಕೂತರೆ ಕುಂಬಳಕಾಯಿ ಖರ್ಚು, ಹಾಕದೇ ಇದ್ದರೆ ಒಂದನ್ನೊಂದು ತಿನ್ನೋಕೂ ಹೇಸಲ್ಲ. ಆಗ ಕಣ್ಣು ಹೋಗೋದು ಫ್ರಿಜ್ಜಿನ ಕಡೆ.

4/8

ಕ್ಲಾಸಿನವರಿಗೆ ಇದು ಎರಡು ಮಾರ್ಕಿನ ಪ್ರಶ್ನೆ, ಉಳಿದವರಿಗೆ ಸುಲಭವಾಗಿ ಹೇಳ್ತೀನಿ.

ಕೀಟದ ಮೈ ಬಿಸಿ ನಮ್ಮ ಹಾಗೆ ಒಳಗಿಂದ ಕಾಯ್ದುಕೊಳ್ಳೋದಲ್ಲ. ಹೊರಗೆ ತಂಪಾದರೆ ಅದೂ ತಂಪಾಗುತ್ತೆ, ಉಸಿರಾಟ, ಜೀರ್ಣ, ಓಡಾಟ ಎಲ್ಲ ನಿಧಾನ. ನಿಧಾನ, ನಿಂತುಹೋಗೋದಲ್ಲ. ಫ್ರಿಜ್ಜಲ್ಲಿ ಕೂತ ಹುಳ ದಿನಾ ಸ್ವಲ್ಪ ಸ್ವಲ್ಪ ತನ್ನ ಕೊಬ್ಬನ್ನೇ ಖರ್ಚು ಮಾಡ್ತಾ ಇರುತ್ತೆ, ಸ್ವಲ್ಪ ಸ್ವಲ್ಪ ನೀರು ಕಳ್ಕೊಳ್ತಾ ಇರುತ್ತೆ.

ಬೆಟ್ಟದ ಹುಳ ಇದಕ್ಕೆ ತಿಂಗಳುಗಟ್ಟಲೆ ಮುಂಚೆ ತಯಾರಿ ಮಾಡ್ಕೊಂಡಿರುತ್ತೆ. ಕ್ರಿಪ್ಟೋಲೀಮಸ್‌ಗೆ ಆ ಅಭ್ಯಾಸವೇ ಇಲ್ಲ. ಬೆಚ್ಚಗಿನ ನಾಡಿನ ಹುಳ ಅದು, ನಿಜವಾದ ಚಳಿಗಾಲದ ನಿದ್ದೆ ಅದಕ್ಕೆ ಗೊತ್ತಿಲ್ಲ. ಗಡ್ಡೆಕಟ್ಟುವ ಚಳಿ ಇರೋ ದೇಶಗಳಲ್ಲಿ ಹೊರಗೆ ಬಿಟ್ಟರೆ ಚಳಿಗಾಲ ದಾಟಲ್ಲ, ಅದಕ್ಕೇ ಅಲ್ಲಿ ಗಾಜಿನ ಮನೆಗಳಿಗೆ ಪ್ರತಿ ವರ್ಷ ಹೊಸದಾಗಿ ತರಿಸ್ತಾರೆ. ನಮ್ಮ ಮನೆ ಫ್ರಿಜ್ ಸುಮಾರು 4 ಡಿಗ್ರಿ. ಈ ಹುಳವನ್ನ ಇಡಲೇಬೇಕು ಅಂದರೆ 10ರಿಂದ 15 ಡಿಗ್ರಿ ನಡುವೆ, ಅದೂ ಕೆಲವೇ ದಿನ. ಲ್ಯಾಬಿನ ಬಿಒಡಿ ಇನ್‌ಕ್ಯುಬೇಟರ್‌ನಲ್ಲಿ ಅದು ಸಾಧ್ಯ. ಇಡ್ಲಿ ಹಿಟ್ಟಿನ ಪಕ್ಕ ಸಾಧ್ಯ ಇಲ್ಲ.

ಇನ್ನೊಂದು ವಿಷಯ, ನನ್ನ ಪ್ರಕಾರ ಇದೇ ಮುಖ್ಯವಾದದ್ದು. ಫ್ರಿಜ್ಜಿಂದ ತೆಗೆದ ಹುಳ ಹತ್ತು ನಿಮಿಷಕ್ಕೆ ಎದ್ದು ಓಡಾಡಿದರೆ ನಾವು 'ಬದುಕಿದೆ' ಅಂತೀವಿ. ಮಾರೋರೂ ಅದನ್ನೇ ತೋರಿಸ್ತಾರೆ. ಆದರೆ ರೈತ ಕೊಂಡಿದ್ದು ಓಡಾಡೋ ಹುಳ ಅಲ್ಲ. ಗಿಡಕ್ಕೆ 10ರ ಹಾಗೆ ಬಿಟ್ಟ ಹುಳಗಳೇ ಎಲ್ಲ ತಿಗಣೆ ತಿಂದು ಮುಗಿಸಲ್ಲ. ಹೆಣ್ಣು ಹುಳ ಹಿಟ್ಟು ತಿಗಣೆಯ ಹತ್ತಿಯಂಥ ಚೀಲದಲ್ಲಿ ಮೊಟ್ಟೆ ಇಡಬೇಕು, ಅದರಿಂದ ಬಂದ ಮರಿಹುಳಗಳು ತಿನ್ನಬೇಕು. ನಿಜವಾದ ಕೆಲಸಗಾರರು ಆ ಮರಿಗಳು. ಚಳಿ ತಿಂದ ಹುಳ ನಡೆಯುತ್ತೆ, ಹಾರಲೂಬಹುದು, ಮೊಟ್ಟೆ ಮಾತ್ರ ಕಡಿಮೆ ಇಡುತ್ತೆ, ಇಲ್ಲಾಂದರೆ ಇಡೋದೇ ಇಲ್ಲ. ಅದು ಡಬ್ಬಿ ತೆಗೆದಾಗ ಕಣ್ಣಿಗೆ ಕಾಣಲ್ಲ. ಮೂರು ವಾರ ಆದಮೇಲೆ ತೋಟದಲ್ಲಿ ಕಾಣುತ್ತೆ.

5/8

ದೊಡ್ಡಬಳ್ಳಾಪುರದ ಕಡೆಯ ದ್ರಾಕ್ಷಿ ಬೆಳೆಗಾರರೊಬ್ಬರ ತೋಟಕ್ಕೆ ನಾವು ನಾಲ್ಕು ಜನ ಹೋಗಿದ್ವಿ. ಗೊಂಚಲೊಳಗೆಲ್ಲ ಹಿಟ್ಟು ತಿಗಣೆ, ಅದರ ಅಂಟಿನ ಮೇಲೆ ಕಪ್ಪು ಬೂಷ್ಟು. ಅವರು ಹುಳ ತರಿಸಿದ್ರು, ದುಡ್ಡು ಕೊಟ್ಟು. ಡಬ್ಬಿ ಬಂದ ದಿನ ತೋಟಕ್ಕೆ ಔಷಧ ಹೊಡೆದು ವಾರವೂ ಆಗಿರಲಿಲ್ಲ. ಈಗಲೇ ಬಿಟ್ಟರೆ ಹುಳ ಸಾಯುತ್ತೆ ಅನ್ನೋ ತಿಳಿವಳಿಕೆ ಅವರಿಗಿತ್ತು. ಮಾರಿದವರಿಗೆ ಫೋನ್ ಮಾಡಿದಾಗ ಬಂದ ಉತ್ತರ: "ಫ್ರಿಜ್ಜಲ್ಲಿ ಇಡಿ, ಏನಾಗಲ್ಲ."

ಇಟ್ಟರು. 12 ದಿನ. ತೆಗೆದಾಗ ಅರ್ಧಕ್ಕರ್ಧ ಓಡಾಡ್ತಿದ್ವಂತೆ. ಬಿಟ್ಟರು. ನಾವು ಹೋಗಿದ್ದು ಬಿಟ್ಟು ಮೂರು ವಾರಕ್ಕೆ. ಬಳ್ಳಿ ತೊಗಟೆ ಎಬ್ಬಿಸಿ, ಗೊಂಚಲು ಬಿಡಿಸಿ ನೋಡಿದ್ವಿ, ಒಂದು ಮರಿಹುಳ ಸಿಗಲಿಲ್ಲ. (ಹುಷಾರು, ಇದರ ಮರಿಹುಳ ನೋಡೋಕೆ ದೊಡ್ಡ ಹಿಟ್ಟು ತಿಗಣೆ ಥರಾನೇ ಇರುತ್ತೆ, ಮೈ ತುಂಬ ಬಿಳಿ ಮೇಣದ ಎಳೆ. ಎಷ್ಟೋ ಜನ ಪೀಡೆ ಜಾಸ್ತಿ ಆಯ್ತು ಅಂತ ಅದಕ್ಕೇ ಔಷಧ ಹೊಡೀತಾರೆ. ನಾವು ಅದನ್ನ ಲೆಕ್ಕಕ್ಕೆ ಇಟ್ಕೊಂಡೇ ಹುಡುಕಿದ್ದು.)

ಅವರು ನಕ್ಕು ಹೇಳಿದ್ದು: "ಹುಳ ಬಿಟ್ಟು ಹುಳ ಹಿಡಿಯೋದೆಲ್ಲ ನಿಮ್ಮ ಕಾಲೇಜಿನವರ ಆಟ ಕಣಮ್ಮ."

ಈಗ ನ್ಯಾಯವಾಗಿ ಮಾತಾಡೋಣ. ಸೋತಿದ್ದು ಚಳಿಯಿಂದಲೇ ಅಂತ ನಾನು ಪ್ರಮಾಣ ಮಾಡಲ್ಲ. ಔಷಧದ ಅಂಶ ಎಲೆ ಮೇಲೆ ಉಳಿದಿರಬಹುದು. ಬಳ್ಳಿ ತುಂಬ ಇರುವೆ ಇತ್ತು. ಹಿಟ್ಟು ತಿಗಣೆಯ ಸಿಹಿಗೋಸ್ಕರ ಇರುವೆಗಳು ಕಾವಲು ನಿಲ್ತವೆ, ಗುಲಗಂಜಿ ಹುಳವನ್ನ ಓಡಿಸ್ತವೆ. ಇವುಗಳಲ್ಲಿ ಯಾವುದು? ಹೇಳೋಕೆ ಆಗಲ್ಲ. ಯಾಕಂದರೆ ಆ ಡಬ್ಬಿ ಅವರ ಮನೆಗೆ ಬರೋ ಮುಂಚೆ ಮಾರಿದವರ ಹತ್ತಿರ ಎಷ್ಟು ದಿನ ತಂಪಲ್ಲಿತ್ತು ಅಂತ ಡಬ್ಬಿ ಮೇಲೆ ಬರೆದಿರಲಿಲ್ಲ. ಎರಡು ದಿನ ಇತ್ತೋ ಇಪ್ಪತ್ತು ದಿನವೋ? ತಾರೀಖು ಇಲ್ಲದೇ ಇದ್ದಾಗ ಮಾರಿದವರೂ ಬಚಾವ್, ಔಷಧವೂ ಬಚಾವ್, ಇರುವೆಯೂ ಬಚಾವ್. ಕೆಟ್ಟ ಹೆಸರು ಬರೋದು ಹುಳಕ್ಕೆ. ಆ ತೋಟದಲ್ಲಿ ಈಗ ಮತ್ತೆ ಸ್ಪ್ರೇ ನಡೀತಿದೆ, ಮೊದಲಿಗಿಂತ ಜಾಸ್ತಿ. ಅವರ ಸುತ್ತ ಇರೋ ಬೆಳೆಗಾರರಿಗೂ ಆ ನಗು ತಲುಪಿರುತ್ತೆ.

6/8

ಕಾನೂನು ಏನು ಹೇಳುತ್ತೆ ಅಂತ ನೋಡಿದರೆ ನಗು ಬರುತ್ತೆ. ನಮ್ಮಲ್ಲಿ ಕೀಟನಾಶಕ ಕಾಯ್ದೆ ಇದೆ, 1968ರದ್ದು. ಅದರಡಿ ವಿಷದ ಬಾಟಲಿಗೆ ನೋಂದಣಿ ಬೇಕು, ತಯಾರಾದ ತಾರೀಖು ಬೇಕು, ಅವಧಿ ಮುಗಿಯುವ ತಾರೀಖು ಬೇಕು. ಬ್ಯಾಕ್ಟೀರಿಯಾ, ಶಿಲೀಂಧ್ರದಿಂದ ಮಾಡಿದ ಜೈವಿಕ ಕೀಟನಾಶಕಕ್ಕೂ ಅದೇ ನಿಯಮ. ಆದರೆ ಗುಲಗಂಜಿ ಹುಳದಂಥ ಪರಭಕ್ಷಕ ಕೀಟ, ಪರಾವಲಂಬಿ ಕಣಜ ಇವಕ್ಕೆ ಆ ನೋಂದಣಿ ಬೇಕಿಲ್ಲ. ನೋಂದಣಿ ಇಲ್ಲ ಅಂದಮೇಲೆ ಆ ಕಾಯ್ದೆ ಕೇಳೋ ತಾರೀಖೂ ಇಲ್ಲ.

ಈ ವಿನಾಯಿತಿ ಇರಬೇಕು ಅಂತಲೇ ನಾನು ಹೇಳ್ತೀನಿ. ನಾಲ್ಕು ಕುಂಬಳಕಾಯಿ ಇಟ್ಕೊಂಡು ಹುಳ ಸಾಕೋ ಸಣ್ಣ ಘಟಕಕ್ಕೆ ರಾಸಾಯನಿಕ ಕಂಪನಿಯಷ್ಟು ಕಾಗದ ಪತ್ರ ಕೇಳಿದರೆ ಮಾರನೇ ದಿನ ಬಾಗಿಲು ಹಾಕ್ತಾರೆ. ಹಾಗಂತ ವರ್ಷಗಟ್ಟಲೆ ಕೆಡದ ವಿಷಕ್ಕೆ ತಾರೀಖು ಇರಬೇಕು, ಎರಡು ತಿಂಗಳು ಬದುಕೋ ಹುಳಕ್ಕೆ ಬೇಡ ಅಂದರೆ ಯಾವ ಲೆಕ್ಕ?

ತಾರೀಖು ಹಾಕೋದು ಆಗದ ಕೆಲಸ ಅನ್ನೋರಿಗೆ ಟ್ರೈಕೋ ಕಾರ್ಡ್ ತೋರಿಸಿ. ಪೋಸ್ಟ್‌ಕಾರ್ಡಿನಂಥ ರಟ್ಟಿಗೆ ಅಕ್ಕಿ ಪತಂಗದ ಸುಮಾರು 20 ಸಾವಿರ ಮೊಟ್ಟೆ ಅಂಟಿಸಿರ್ತಾರೆ, ಒಂದೊಂದರೊಳಗೂ ಟ್ರೈಕೋಗ್ರಾಮಾ ಕಣಜ ಬೆಳೀತಿರುತ್ತೆ. ಕಬ್ಬು, ಭತ್ತದ ಕೊರಕ ಹುಳಕ್ಕೆ ಬಳಸೋದು. ಅದನ್ನ ಫ್ರಿಜ್ಜಲ್ಲಿ ಎರಡು ಮೂರು ವಾರ ತಡೆದಿಡಬಹುದು, ಮೊಟ್ಟೆಯ ಚಿಪ್ಪೊಳಗೆ ಊಟದ ಸಮೇತ ಕೂತಿರೋದರಿಂದ ಅದಕ್ಕೆ ತಂಪು ಅಷ್ಟು ತೊಂದರೆ ಅಲ್ಲ. ಕಾರ್ಡಿನ ಮೇಲೆ ಕಣಜ ಹೊರಬರೋ ತಾರೀಖು ಬರೆಯೋ ರೂಢಿ ಇದೆ. ರೈತರು ಅದನ್ನ ನೋಡಿ ಹಿಂದಿನ ದಿನ ಎಲೆ ಕೆಳಗೆ ಪಿನ್ ಮಾಡ್ತಾರೆ. ಕಾರ್ಡಿಗೆ ಆಗೋದು ಡಬ್ಬಿಗೆ ಯಾಕಾಗಲ್ಲ? ಒಂದು ಬಾಲ್‌ಪೆನ್ ಸಾಕು.

7/8

ಈ ಸರಣಿಯ ಡ್ರಾಫ್ಟ್ ಓದಿದ ನಮ್ಮ ಹಾಸ್ಟೆಲಿನ ಗೆಳತಿ ಹೇಳಿದ್ದು: "ತಾರೀಖು ಹಾಕಿದರೆ ಹಳೇ ಹುಳ ಯಾರೂ ಕೊಳ್ಳಲ್ಲ. ದೊಡ್ಡವರು ತಡ್ಕೋತಾರೆ, ಸಣ್ಣವರು ಮುಳುಗ್ತಾರೆ." ಒಳ್ಳೇ ಪ್ರಶ್ನೆ. ಇದನ್ನ ತಳ್ಳಿಹಾಕೋಕೆ ಆಗಲ್ಲ.

ನನ್ನ ಉತ್ತರ: ಹುಳವನ್ನ ತಡೆದಿಡೋದಕ್ಕಿಂತ ಕುಂಬಳಕಾಯಿಯನ್ನ ಸರದಿಯಲ್ಲಿ ಇಡೋದು ಜಾಣತನ. ಈ ವಾರ ನಾಲ್ಕು ಕಾಯಿ, ಮುಂದಿನ ವಾರ ನಾಲ್ಕು. ತಿಂಗಳಿಗೊಮ್ಮೆ ರಾಶಿ ಹುಳ ಬರೋ ಬದಲು ವಾರ ವಾರ ಸ್ವಲ್ಪ ಬರುತ್ತೆ. ರೈತರಿಂದ ಮುಂಗಡ ಆರ್ಡರ್ ತಗೊಂಡು, ಅವರು ಕೊನೇ ಸಲ ಯಾವಾಗ ಔಷಧ ಹೊಡೆದ್ರು ಅಂತ ಕೇಳಿ, ಅದಕ್ಕೆ ತಕ್ಕ ಹಾಗೆ ಕಳಿಸಿದರೆ ಅವರ ಮನೆ ಫ್ರಿಜ್ಜಿನ ಪ್ರಶ್ನೆಯೇ ಬರಲ್ಲ. ಸ್ವಲ್ಪ ಹಳೇದಾಗಿದ್ದರೆ ಬೆಲೆ ಇಳಿಸಿ, ಸಂಖ್ಯೆ ಹೆಚ್ಚಿಸಿ, ಹೇಳಿ ಮಾರಿ. ತರಕಾರಿ ಮಾರ್ಕೆಟ್ಟಲ್ಲಿ ಸಂಜೆ ಸೊಪ್ಪು ಹಾಗೇ ಅಲ್ವಾ ಮಾರೋದು.

ಬೆಳೆಗಾರರೇ ಸೇರಿ ಸಾಕೋ ದಾರಿಯೂ ಇದೆ. ಟನ್ ಲೆಕ್ಕದಲ್ಲಿ ಬೆಟ್ಟದ ಹುಳ ಬಾಚಿದ ಅದೇ ಕ್ಯಾಲಿಫೋರ್ನಿಯಾದಲ್ಲೇ ಇನ್ನೊಂದು ಕಥೆ ಇದೆ. 1890ರ ದಶಕದ ಶುರುವಿನಲ್ಲಿ ಕ್ರಿಪ್ಟೋಲೀಮಸ್ ಅಲ್ಲಿಗೂ ಹೋಯಿತು. ಕರಾವಳಿಯ ಕೆಲವು ಕಡೆ ಬಿಟ್ಟರೆ ಅಲ್ಲಿನ ಚಳಿಗಾಲ ಅದಕ್ಕೆ ಒಗ್ಗಲಿಲ್ಲ. ಆಗ ಶೀತಲಗೃಹದ ಕಡೆ ಓಡದೆ, ಆಲೂಗೆಡ್ಡೆ ಮೊಳಕೆ ಮೇಲೆ ಹಿಟ್ಟು ತಿಗಣೆ ಬೆಳೆಸಿ, ವರ್ಷ ವರ್ಷ ಹೊಸ ಹುಳ ಸಾಕಿ ಕಿತ್ತಳೆ ತೋಟಗಳಿಗೆ ಬಿಟ್ಟರು. ಫಿಲ್‌ಮೋರ್ ಅನ್ನೋ ಊರಿನ ಬೆಳೆಗಾರರು 1922ರಲ್ಲಿ ತಮ್ಮದೇ ಸಂಘ ಕಟ್ಟಿಕೊಂಡರು, ಆಮೇಲೆ ದಶಕಗಟ್ಟಲೆ ತಮ್ಮ ತೋಟಕ್ಕೆ ಬೇಕಾದ ಹುಳ ತಾವೇ ಸಾಕಿಸಿಕೊಂಡರು. ತೋಟ ಹತ್ತಿರ, ಸಾಕೋ ಜಾಗ ಹತ್ತಿರ. ನಮ್ಮ ರೈತ ಉತ್ಪಾದಕ ಕಂಪನಿಗಳು ಗೊಬ್ಬರ, ಬೀಜ ಮಾರ್ತವೆ. ಒಂದು ಕೋಣೆಯಲ್ಲಿ ಕುಂಬಳಕಾಯಿ ಇಡೋಕೆ ಏನು ಕಷ್ಟ? ತಾಂತ್ರಿಕ ಸಹಾಯಕ್ಕೆ ಬೆಂಗಳೂರಲ್ಲೇ ಕೃಷಿ ಕೀಟ ಸಂಪನ್ಮೂಲಗಳ ರಾಷ್ಟ್ರೀಯ ಬ್ಯೂರೋ ಇದೆ, ಹೆಸರಘಟ್ಟದಲ್ಲಿ ತೋಟಗಾರಿಕೆ ಸಂಶೋಧನಾ ಸಂಸ್ಥೆ ಇದೆ. ಈ ಹುಳ ಸಾಕೋ ವಿದ್ಯೆ ಅವರಿಗೆ ಹೊಸದಲ್ಲ.

8/8

ಕೊನೇ ಪೋಸ್ಟ್. ನಿಮ್ಮ ಮನೇಲಿ ತೋಟ ಇದ್ದು ಅಪ್ಪ ಅಥವಾ ಚಿಕ್ಕಪ್ಪ ಈ ಹುಳ ತರಿಸ್ತಾರೆ ಅಂದರೆ, ಫೋನ್ ನೀವು ಮಾಡಿ. ಹುಳ ಕೋಶದಿಂದ ಹೊರಬಂದು ಎಷ್ಟು ದಿನ ಆಯ್ತು ಅಂತ ಕೇಳಿ. ತಂಪಲ್ಲಿ ಇಟ್ಟಿದ್ರಾ, ಎಷ್ಟು ಡಿಗ್ರಿ, ಎಷ್ಟು ದಿನ ಅಂತ ಕೇಳಿ. ಕಳಿಸೋ ಮುಂಚೆ ತಿಗಣೆ ತಿನ್ನಿಸಿದ್ರಾ ಅಂತ ಕೇಳಿ. ಸಿಟ್ಟು ಮಾಡ್ಕೊಂಡರೆ ಮಾಡ್ಕೊಳ್ಳಲಿ. ಸರಿಯಾಗಿ ಸಾಕೋರು ಸಿಟ್ಟು ಮಾಡ್ಕೊಳ್ಳಲ್ಲ, ಅರ್ಧ ಗಂಟೆ ಮಾತಾಡ್ತಾರೆ, ಅದು ನನ್ನ ಅನುಭವ.

ಡಬ್ಬಿ ಬರೋ ಮುಂಚೆಯೇ ತೋಟ ತಯಾರಿರಲಿ. ಔಷಧ ಹೊಡೆದು ಸಾಕಷ್ಟು ದಿನ ಆಗಿರಲಿ, ಇರುವೆ ಗೂಡು ಹುಡುಕಿ ಹತೋಟಿ ಮಾಡಿರಲಿ. ಬಂದ ದಿನವೇ ಸಂಜೆ ಬಿಡಿ, ತಿಗಣೆ ಹೆಚ್ಚಿರೋ ಗಿಡಗಳ ಮೇಲೆ. ಮಳೆ ಬಂತು, ಆಗಲಿಲ್ಲ ಅಂದರೆ ಮನೆಯ ತಣ್ಣಗಿನ ಕತ್ತಲೆ ಮೂಲೆಯಲ್ಲಿ ಒಂದು ರಾತ್ರಿ ಇಡಿ, ಡಬ್ಬಿಯೊಳಗೆ ಹತ್ತಿಗೆ ಸ್ವಲ್ಪ ಜೇನು ನೀರು ಅದ್ದಿ ಇಟ್ಟು. ಫ್ರಿಜ್ಜಿನ ಬಾಗಿಲು ತೆಗೀಬೇಡಿ.

ಹುಳ ಬಿಡುವಾಗ ಹತ್ತನ್ನ ಮಾತ್ರ ಎತ್ತಿಟ್ಟುಕೊಳ್ಳಿ. ಗಾಜಿನ ಬಾಟಲಿಯಲ್ಲಿ ಹಿಟ್ಟು ತಿಗಣೆ ಹತ್ತಿದ ಒಂದು ಕೊಂಬೆ ಅಥವಾ ಕಾಯಿ ಹಾಕಿ, ಆ ಹತ್ತು ಹುಳ ಬಿಟ್ಟು, ಬಾಯಿಗೆ ತೆಳು ಬಟ್ಟೆ ಕಟ್ಟಿ. ಮುಂದಿನ ಕಾಲು ಕಪ್ಪಾಗಿದ್ದರೆ ಹೆಣ್ಣು, ಕಂದಾಗಿದ್ದರೆ ಗಂಡು, ಎರಡೂ ಇರಲಿ. ಎರಡು ವಾರದೊಳಗೆ ಬಿಳಿ ಎಳೆಯ ಮರಿಹುಳ ಕಂಡರೆ ನಿಮಗೆ ಕೊಟ್ಟ ಹುಳ ಕೆಲಸದ್ದು. ಬಾಟಲಿಯಲ್ಲಿ ಬಂದು ತೋಟದಲ್ಲಿ ಬರಲಿಲ್ಲ ಅಂದರೆ ಔಷಧ ಅಥವಾ ಇರುವೆ ಕಡೆ ನೋಡಿ. ಬಾಟಲಿಯಲ್ಲೂ ಬರಲಿಲ್ಲ ಅಂದರೆ ಮಾರಿದವರಿಗೆ ಆ ಬಾಟಲಿಯ ಫೋಟೋ ಕಳಿಸಿ.

ನನಗೂ ಒಂದು ಫೋಟೋ ಕಳಿಸಿ, ಡಬ್ಬಿಯ ಮುಚ್ಚಳದ್ದು. ತಾರೀಖು ಇದ್ದರೂ ಕಳಿಸಿ, ಇಲ್ಲದಿದ್ದರೂ ಕಳಿಸಿ. ಮಾರಿದವರ ಹೆಸರು, ನಂಬರ್ ಬೆರಳಲ್ಲಿ ಮುಚ್ಚಿ. ಐವತ್ತು ಮುಚ್ಚಳ ಸೇರಿದ ದಿನ ಎಲ್ಲವನ್ನೂ ಒಂದೇ ಪೋಸ್ಟಲ್ಲಿ ಹಾಕ್ತೀನಿ.

#ಗುಲಗಂಜಿಹುಳ #ಹಿಟ್ಟುತಿಗಣೆ #ಜೈವಿಕನಿಯಂತ್ರಣ #ಡಬ್ಬಿಮೇಲೆತಾರೀಖು